ಮೂರನೇ ಸುತ್ತಿಗೆ ಏನು ಮಾಡ್ತಾರೆ? ಗೇಮ್ ಸಂಗೀತದ ಜಾಝ್ ರೂಪಗಳ ಹೋಲಿಕೆ

ವಿಡಿಯೋ ಗೇಮ್‌ನ ಹಾಡಿಗೆ ಮುಕ್ತಾಯ ಅನ್ನುವುದಿಲ್ಲ. ಆಡುವವನು ಗೆಲ್ಲುವವರೆಗೆ, ಇಲ್ಲವೇ ಸಾಯುವವರೆಗೆ ಅದು ಸುತ್ತುತ್ತಲೇ ಇರುತ್ತದೆ. ಅಂಥ ಹಾಡನ್ನು ಜಾಝ್ ಬ್ಯಾಂಡ್ ಎತ್ತಿಕೊಂಡರೆ ಮೊದಲ ಸುತ್ತು ಯಾರು ನುಡಿಸಿದರೂ ಚೆನ್ನ. ಗುರುತು ಸಿಕ್ಕ ಖುಷಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ. ಎರಡನೆಯದೂ ಹೇಗೋ ದಾಟುತ್ತದೆ. ಮೂರನೇ ಸುತ್ತು ಬಂದಾಗ ಇವರ ಹತ್ತಿರ ಹೇಳಲು ಏನಾದರೂ ಉಳಿದಿದೆಯಾ ಎಂಬುದೇ ನನ್ನ ಅಳತೆಗೋಲು.

ಈ ಅಳತೆ ಹಿಡಿದು ನಾನು ಕೇಳಿದ್ದು ನಾಲ್ಕು ಬಗೆ: ಟೋಕಿಯೋದ ಲೈವ್ ಬಿಗ್ ಬ್ಯಾಂಡ್ (ಹಿತ್ತಾಳೆ ವಾದ್ಯಗಳು ಮುಂದಿರುವ ದೊಡ್ಡ ಜಾಝ್ ತಂಡ), ನ್ಯೂಯಾರ್ಕ್‌ನ ದಿ 8-ಬಿಟ್ ಬಿಗ್ ಬ್ಯಾಂಡ್, ಜಪಾನಿನ ಗ್ವಿಡೊ ಎಂಬ ಬ್ಯಾಂಡ್ ಮಾಡಿದ ಆಸಿಡ್ ಜಾಝ್ (ಕುಣಿತದ ತಾಳದ ಮೇಲೆ ಕಟ್ಟಿದ ಜಾಝ್) ಆಲ್ಬಂ, ಮತ್ತೆ ಸಿಡ್ನಿಯ ದಿ ಕಾನ್‌ಸೋಲ್ಸ್‌ನಂಥ ಸಣ್ಣ ಗುಂಪುಗಳು. ಹೆಡ್‌ಫೋನ್‌ನಲ್ಲಿ ಕೇಳಿದ್ದೇನೆ, ಟ್ರಾಫಿಕ್‌ನಲ್ಲಿ ನಿಂತ ಕಾರಿನಲ್ಲೂ ಕೇಳಿದ್ದೇನೆ. ಜೊತೆಗೆ ಗೇಮ್ ಹುಚ್ಚಿನ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದೂ ಉಂಟು.

ಮೊದಲು ಮೂಲದ ವಿಷಯ, ಯಾಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. 1985ರ ಸೂಪರ್ ಮಾರಿಯೋ ಬ್ರದರ್ಸ್‌ಗೆ ಸಂಗೀತ ಕೊಟ್ಟವರು ಕೋಜಿ ಕೊಂಡೊ. ಫ್ಯಾಮಿಕಾಮ್ ಎಂಬ ಗೇಮ್ ಮಷೀನಿನ ಸೌಂಡ್ ಚಿಪ್‌ನಲ್ಲಿ ಅವರ ಕೈಗೆ ಸಿಕ್ಕದ್ದು ಎರಡು ಪಲ್ಸ್ ದನಿ, ಒಂದು ಟ್ರಯಾಂಗಲ್ ದನಿ, ತಾಳಕ್ಕೊಂದು ನಾಯ್ಸ್ ಚಾನೆಲ್. ಒಂದು ಗಳಿಗೆಗೆ ಹೆಚ್ಚೆಂದರೆ ಮೂರು ಸ್ವರ. ಅದರಲ್ಲೂ ಮಾರಿಯೋ ಹಾರಿದಾಗ, ನಾಣ್ಯ ಹೊಡೆದಾಗ ಒಂದು ದನಿ ಆ ಸದ್ದಿಗೆ ಜಾಗ ಬಿಡಬೇಕು.

ಇಷ್ಟರಲ್ಲಿ ಅವರು ಮಾಡಿದ ಚಮತ್ಕಾರ ನೋಡಿ. ಸಿ ಸ್ವರವನ್ನು ಷಡ್ಜ ಅಂದುಕೊಂಡರೆ ಎಲ್ಲರಿಗೂ ಬಾಯಿಪಾಠವಾದ ಆ ಆರಂಭ ‘ಗ ಗ ಗ, ಸ ಗ, ಪ’. ಕೇಳಲು ಮಕ್ಕಳ ಹಾಡು. ಆದರೆ ಅದರ ಕೆಳಗೆ ಟ್ರಯಾಂಗಲ್ ರಿಷಭ ಹಿಡಿದಿರುತ್ತದೆ, ಎರಡನೇ ಪಲ್ಸ್ ಪ್ರತಿಮಧ್ಯಮದಲ್ಲಿ ಕೂತಿರುತ್ತದೆ. ಶಂಕರಾಭರಣದ ಹಾದಿಯ ಹಾಡಿಗೆ ಮೊದಲ ಹೆಜ್ಜೆಯಲ್ಲೇ ಪ್ರತಿಮಧ್ಯಮ! ಪಾಶ್ಚಾತ್ಯ ಲೆಕ್ಕದಲ್ಲಿ ಅದು ಡಿ ನೈನ್ತ್ ಎಂಬ ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ತುಣುಕು. ಅಲ್ಲಿಂದ ಜಿ, ಆಮೇಲಷ್ಟೇ ಮನೆಯಾದ ಸಿ. ಜಾಝ್‌ನವರು ಕಣ್ಣುಮುಚ್ಚಿ ನಡೆಯುವ ದಾರಿ ಇದು. ಕಾರ್ಡಿನ ಪೂರ್ತಿ ಸ್ವರ ನುಡಿಸಲು ಚಿಪ್‌ನಲ್ಲಿ ಜಾಗವಿರಲಿಲ್ಲ, ಹಾಗಾಗಿ ಅರ್ಧ ಮಾತಾಡಿ ಅರ್ಧ ಬಿಟ್ಟಿದ್ದಾರೆ. ಬಿಟ್ಟ ಆ ಅರ್ಧವನ್ನು ಯಾವ ಸ್ವರಗಳಿಂದ ತುಂಬಬೇಕು ಅನ್ನುವುದರಲ್ಲೇ ಒಂದು ಬ್ಯಾಂಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಶುರುವಾಗುತ್ತದೆ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಹಾಡನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಗೇಮ್ ಸಂಗೀತವೊಂದು ಆ ಪಟ್ಟಿಗೆ ಹೋದದ್ದು ಅದೇ ಮೊದಲು.

ಟೋಕಿಯೋದ್ದನ್ನು ಬೇಗ ಮುಗಿಸುತ್ತೇನೆ. 2003ರ ಸೆಪ್ಟೆಂಬರ್‌ನಲ್ಲಿ ಮಾರಿಯೋ ಮತ್ತು ಝೆಲ್ಡಾ ಆಟಗಳ ಹಾಡುಗಳ ಬಿಗ್ ಬ್ಯಾಂಡ್ ಕಛೇರಿ ನಡೆಯಿತು, ಆಮೇಲೆ ಸಿಡಿಯಾಗಿಯೂ ಬಂತು. ಸ್ವತಃ ಕೊಂಡೊ ಪಿಯಾನೋಗೆ ಕೂತಿದ್ದರು. ಸಭಿಕರ ಸಂಭ್ರಮ ಕೇಳಿಸುತ್ತದೆ, ವಾದ್ಯಗಾರರ ಕೈ ಪಳಗಿದ್ದು ಅನ್ನುವುದೂ ಗೊತ್ತಾಗುತ್ತದೆ. ಆದರೆ ಎಲ್ಲರಿಗೂ ಮೂಲಕೃತಿಯ ಮೇಲೆ ಭಕ್ತಿ ಜಾಸ್ತಿ. ಮೊದಲ ಸುತ್ತಿನಲ್ಲಿ ಟ್ರಂಪೆಟ್ ಹೇಳಿದ್ದನ್ನೇ ಮುಂದಿನ ಸುತ್ತಿನಲ್ಲಿ ಸ್ಯಾಕ್ಸೋಫೋನ್ ಹೇಳಿದಂತಿದೆ. ಮನೆಗೆ ನೆಂಟರು ಬಂದಾಗ ಹಿನ್ನೆಲೆಗೆ ಹಾಕಲು ಅಡ್ಡಿಯಿಲ್ಲ.

ನ್ಯೂಯಾರ್ಕ್‌ನವರದು ಬೇರೆ ಲೋಕ. ಬ್ರಾಡ್‌ವೇ ನಾಟಕಗಳಿಗೆ ವಾದ್ಯಸಂಯೋಜನೆ ಮಾಡುವ ಚಾರ್ಲಿ ರೋಸೆನ್ ಕಟ್ಟಿದ ಬ್ಯಾಂಡ್ ಇದು. ಹಿತ್ತಾಳೆ ವಾದ್ಯಗಳ ಜೊತೆ ತಂತಿವಾದ್ಯಗಳೂ ಸೇರಿದ ದೊಡ್ಡ ಸೈನ್ಯ. 1996ರ ಕರ್ಬಿ ಸೂಪರ್ ಸ್ಟಾರ್ ಆಟದ ‘ಮೆಟಾ ನೈಟ್ಸ್ ರಿವೆಂಜ್’ ಹಾಡಿಗೆ ರೋಸೆನ್ ಮತ್ತು ಜೇಕ್ ಸಿಲ್ವರ್‌ಮನ್ ಮಾಡಿದ ಸಂಯೋಜನೆಗೆ 2022ರಲ್ಲಿ ಗ್ರ್ಯಾಮಿ ಬಂತು. ಅದೂ ಗೇಮ್‌ಗಳಿಗೆಂದೇ ಮೀಸಲಿಟ್ಟ ವಿಭಾಗದಲ್ಲಲ್ಲ, ಆ ವಿಭಾಗ ಆಗ ಇನ್ನೂ ಹುಟ್ಟಿರಲಿಲ್ಲ. ಎಲ್ಲರ ಜೊತೆ ಸೆಣಸಿ, ಅತ್ಯುತ್ತಮ ವಾದ್ಯಸಂಯೋಜನೆ ಎಂದು ಗೆದ್ದದ್ದು.

ಇದನ್ನು ಕೇಳಿದಾಗ ಉಸಿರುಗಟ್ಟುವುದು ನಿಜ, ಒಳ್ಳೆಯ ಅರ್ಥದಲ್ಲೇ. ಹಿತ್ತಾಳೆ ವಾದ್ಯಗಳು ಗುಂಪಾಗಿ ಬಂದು ಹೊಡೆಯುತ್ತವೆ, ನಡುವೆ ಸಿಂಥಸೈಜರ್ ನುಸುಳಿ ‘ಇದು ಗೇಮ್ ಹಾಡು, ಮರೀಬೇಡಿ’ ಅನ್ನುತ್ತದೆ. ಯಾವ ಸುತ್ತೂ ಇನ್ನೊಂದರ ಹಾಗಿಲ್ಲ. ನನ್ನ ಮೂರನೇ ಸುತ್ತಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ. ತಕರಾರಿರುವುದು ಬೇರೆ ಕಡೆ: ಇಲ್ಲಿ ಎಲ್ಲವೂ ಕಾಗದದ ಮೇಲೆ ಮೊದಲೇ ಬರೆದದ್ದು. ಬಹುಮಾನವೂ ಬಂದದ್ದು ಬರವಣಿಗೆಗೇ. ಆಶ್ಚರ್ಯಗಳೆಲ್ಲ ಸಮಯಕ್ಕೆ ಸರಿಯಾಗಿ ಬರುತ್ತವೆ, ಐದನೇ ಸಲ ಕೇಳುವ ಹೊತ್ತಿಗೆ ಅವು ಬರುವ ಜಾಗ ಗೊತ್ತಾಗಿಬಿಟ್ಟಿರುತ್ತದೆ. ಕಾರಿನಲ್ಲಿ ಮಾತ್ರ ಇದಕ್ಕೆ ಸಾಟಿಯಿಲ್ಲ. ಅಕ್ಕನ ಮಗನ ಮತವೂ ಇದಕ್ಕೇ, ಅವನು ಹಾಡಿನ ಹೆಸರಿನ ಜೊತೆ ಅದು ಯಾವ ಲೆವೆಲ್‌ನಲ್ಲಿ ಬರುತ್ತದೆ ಅನ್ನುವುದನ್ನೂ ಹೇಳಿದ.

ಇನ್ನು ಗ್ವಿಡೊ. ಸಮಯ ಕೊಟ್ಟು ಕೇಳಬೇಕಾದ್ದು ಇದು. 1995ರಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಮಷೀನಿಗೆ ಕ್ರೋನೊ ಟ್ರಿಗರ್ ಎಂಬ ಆಟ ಬಂತು. ಸಂಗೀತ ಬಹುಪಾಲು ಯಸುನೊರಿ ಮಿತ್ಸುದ ಎಂಬ ಹೊಸ ಹುಡುಗನದು. ಕೆಲಸದ ಒತ್ತಡದಲ್ಲಿ ಹೊಟ್ಟೆಹುಣ್ಣಾಗಿ ಅವನು ಆಸ್ಪತ್ರೆ ಸೇರಿದಾಗ ಹಿರಿಯ ಗೇಮ್ ಸಂಗೀತಗಾರ ನೊಬುವೊ ಉಎಮಾತ್ಸು ಬಂದು ಉಳಿದ ಹಾಡುಗಳನ್ನು ಮುಗಿಸಿಕೊಟ್ಟರು. ಅದೇ ವರ್ಷ ಆ ಹಾಡುಗಳ ಆಸಿಡ್ ಜಾಝ್ ರೂಪ ‘ದಿ ಬ್ರಿಂಕ್ ಆಫ್ ಟೈಮ್’ ಹೊರಬಂತು. ಆಟ ಮಾರಾಟವಾಗುತ್ತಿರುವಾಗಲೇ, ಅಭಿಮಾನಿಗಳಿಗೆ ಹಾಡು ಇನ್ನೂ ಬಾಯಿಗೆ ಹತ್ತುತ್ತಿರುವಾಗಲೇ, ಅದನ್ನು ಗುರುತು ಸಿಗದಷ್ಟು ದೂರ ಎಳೆದೊಯ್ಯುವ ಧೈರ್ಯ! ಹಳೆಯ ನೆನಪನ್ನು ನೆಚ್ಚಿಕೊಂಡು ಮಾರುವ ಇಂದಿನ ಆಲ್ಬಂಗಳಿಗೆ ಈ ಎದೆಗಾರಿಕೆ ಕಡಿಮೆ.

ಇಲ್ಲಿ ಬೇಸ್ ಮತ್ತು ಡ್ರಮ್ ಸೇರಿ ಒಂದು ನಡೆ ಹಿಡಿಯುತ್ತವೆ, ಅದನ್ನು ಬಿಡುವುದೇ ಇಲ್ಲ. ಧಾಟಿಯ ಚೂರೊಂದು ಆಗೀಗ ಮೇಲೆ ತೇಲಿ ಬರುತ್ತದೆ, ಪೂರ್ತಿ ಸಾಲು ಸಿಗುವುದು ಅಪರೂಪ. ಅಕ್ಕನ ಮಗ ಒಂದು ನಿಮಿಷ ತಾಳಿದ. ‘ಮಾಮ, ಟ್ಯೂನ್ ಎಲ್ಲಿ ಹೋಯ್ತು?’ ಅಂದ. ನ್ಯಾಯವಾದ ಪ್ರಶ್ನೆ. ಅವನು ಆಟ ಆಡಿದವನು, ಅವನಿಗೆ ಕಾಡಿನ ಹಾಡು ಅಂದರೆ ಕಾಡೇ ಬೇಕು.

ನನ್ನ ಕಥೆ ಉಲ್ಟಾ. 90ರ ದಶಕದಲ್ಲಿ ನಮ್ಮಂಥ ಮನೆಗಳಿಗೆ ಬಂದದ್ದು ಫ್ಯಾಮಿಕಾಮ್‌ನ ನಕಲು ಮಷೀನು, ‘9999 ಇನ್ 1’ ಎಂದು ಬರೆದಿದ್ದ ಕ್ಯಾಸೆಟ್ಟು. ಮಾರಿಯೋ, ಕಾಂಟ್ರಾ ಅಲ್ಲಿದ್ದವು. ಅದರ ಮುಂದಿನ ತಲೆಮಾರಿನ ಸೂಪರ್ ಫ್ಯಾಮಿಕಾಮನ್ನು ನನ್ನ ಓರಗೆಯ ಯಾರ ಮನೆಯಲ್ಲೂ ನೋಡಿದ ನೆನಪಿಲ್ಲ. ಹಾಗಾಗಿ ನನಗೆ ಕ್ರೋನೊ ಟ್ರಿಗರ್ ಹಾಡುಗಳ ಪರಿಚಯವಾದದ್ದೇ ಈ ಜಾಝ್ ರೂಪದಲ್ಲಿ, ಮೂಲ ಕೇಳಿದ್ದು ಆಮೇಲೆ. ‘ಕಾರಿಡಾರ್ಸ್ ಆಫ್ ಟೈಮ್’ನ ಮೂಲದಲ್ಲಿ ಸಿತಾರ್‌ನಂಥ ದನಿ, ತಬಲಾದಂಥ ಪೆಟ್ಟು ಕೇಳಿ ಬೆಚ್ಚಿಬಿದ್ದೆ, 64 ಕಿಲೋಬೈಟ್ ಸೌಂಡ್ ಮೆಮೊರಿಯಲ್ಲಿ ಅದನ್ನೆಲ್ಲ ತುರುಕಿದ್ದಾರಲ್ಲ ಅಂತ. ಹಳೆಯ ನೆನಪಿನ ಭಾರವಿಲ್ಲದೆ ಕೇಳಿದವನಾಗಿ ಹೇಳುತ್ತೇನೆ: ಗೇಮ್ ಅನ್ನುವ ಪದವನ್ನೇ ತೆಗೆದುಹಾಕಿದರೂ ಈ ನಾಲ್ಕರಲ್ಲಿ ನಿಂತುಕೊಳ್ಳುವ ಆಲ್ಬಂ ಇದೊಂದೇ. ಸುತ್ತಿನ ಲೆಕ್ಕ ಇಲ್ಲಿ ನಡೆಯುವುದೂ ಇಲ್ಲ, ಯಾಕೆಂದರೆ ಇವರು ಸುತ್ತುವುದನ್ನೇ ಸಂಗೀತ ಮಾಡಿಕೊಂಡಿದ್ದಾರೆ. ದೋಷವಿಲ್ಲ ಅಂತಲ್ಲ. ಆ ಕಾಲದ ಫ್ಯಾಷನ್‌ನ ವಾಸನೆ ಅಲ್ಲಲ್ಲಿ ಹೊಡೆಯುತ್ತದೆ. ಕೆಲಸ ಮಾಡುತ್ತ ಕೇಳಿದರೆ ಹೋಟೆಲ್ ಲಾಬಿಯ ಸಂಗೀತವಾಗಿಬಿಡುವ ಅಪಾಯವೂ ಇದೆ. ಕೂತು ಕೇಳಬೇಕು.

ಸಣ್ಣ ಗುಂಪುಗಳ ವಿಷಯದಲ್ಲಿ ಒಂದೇ ತೀರ್ಪು ಕೊಡಲಾಗದು. ದಿ ಕಾನ್‌ಸೋಲ್ಸ್ ಇದೆ, ಅಮೆರಿಕದ ಆರ್ಕನ್ಸಾದ ದಿ ಒನ್‌ಅಪ್ಸ್ ಇದೆ, ಮನೆಯಲ್ಲೇ ರೆಕಾರ್ಡ್ ಮಾಡುವವರಂತೂ ಲೆಕ್ಕವಿಲ್ಲ. ಒಳ್ಳೆಯ ದಿನ ಸಿಕ್ಕರೆ ಇವರೇ ಎಲ್ಲರಿಗಿಂತ ಮೇಲು. ಬೆರಳೆಣಿಕೆಯ ಜನ, ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಸ್ಯಾಕ್ಸೋಫೋನಿನವನು ಒಂದು ಸಾಲನ್ನು ಹಿಡಿದು, ತಾಳದೊಳಗೇ ಇದ್ದು, ನೆರವಲ್ ಮಾಡುವ ಗಾಯಕರ ಹಾಗೆ ಅದನ್ನೇ ತಿರುವಿ ತಿರುವಿ ನೋಡುತ್ತಾನೆ. ಪಿಯಾನೋದವಳು ಕಾರ್ಡ್ ಬದಲಿಸಿ ಅವನನ್ನು ಇನ್ನೊಂದು ಓಣಿಗೆ ತಳ್ಳುತ್ತಾಳೆ. ಮಾರಿಯೋ ಹಾಡಿನ ಆ ಅರ್ಧ ಬಿಟ್ಟ ಕಾರ್ಡುಗಳಿಗೆ ಬೇಕಾದದ್ದು ಇದೇ, ಪ್ರತಿ ಸುತ್ತಿಗೂ ಬೇರೆ ಉತ್ತರ. ಕೆಟ್ಟ ದಿನದಲ್ಲಿ ಮಾತ್ರ ಸೋಲೋ ಎಂಬ ಹೆಸರಿನಲ್ಲಿ ಬರೀ ಕೈಚಳಕ, ಕೊನೆಗೆ ನೆನಪಾಗಿ ಧಾಟಿಗೆ ಓಡಿಬರುವುದು.

ಹೊಸಬರು ನ್ಯೂಯಾರ್ಕ್‌ನವರಿಂದ ಶುರುಮಾಡಿ, ರುಚಿ ಹತ್ತಿದರೆ ಸಣ್ಣ ಗುಂಪುಗಳಿಗೆ ಬನ್ನಿ. ಜಾಝ್ ಮೊದಲೇ ಗೊತ್ತಿದ್ದು ಗೇಮ್ ಗೊತ್ತಿಲ್ಲದವರು ನೇರ ಗ್ವಿಡೊ ಹಾಕಿಕೊಳ್ಳಬಹುದು. ನನ್ನ ಫೋನಿನಲ್ಲಿ ಉಳಿದಿರುವುದು ಗ್ವಿಡೊ ಪೂರ್ತಿ, ‘ಮೆಟಾ ನೈಟ್ಸ್ ರಿವೆಂಜ್’ ಒಂದು.

ಒಂದು ದೂರು ಎಲ್ಲರ ಮೇಲೂ ಇದೆ. ಮಾರಿಯೋ ನೆಲದಡಿಗೆ ಇಳಿದಾಗ ಬರುವ ಹಾಡು ನೆನಪಿದೆಯಾ? ಸ, ದ, ನಿ, ಪ್ರತಿಯೊಂದೂ ಕೆಳಗೊಮ್ಮೆ ಮೇಲೊಮ್ಮೆ, ಆಮೇಲೆ ದೊಡ್ಡದೊಂದು ಖಾಲಿ ಜಾಗ. ಆ ಖಾಲಿಯೇ ಅದರ ಜೀವ. ನಾನು ಕೇಳಿದ ಜಾಝ್‌ನವರೆಲ್ಲ ಅಲ್ಲಿಗೆ ಬಂದ ಕೂಡಲೇ ತಡೆಯಲಾರದೆ ಡ್ರಮ್ ತುಂಬಿಬಿಡುತ್ತಾರೆ.