ಕಾಚಂಪುಳಿಯ ಆಮ್ಲ ಮತ್ತು ಎಕ್ಸ್‌ಟಿಬಿ: ಹಳೆಯ ಬಳಕೆದಾರನ ವಿಮರ್ಶೆ

ಅಣುಗಳ ಆಕಾರ ಮತ್ತು ಶಕ್ತಿಯನ್ನು ಕ್ವಾಂಟಂ ವಿಧಾನಗಳಿಂದ ಬೇಗನೆ ಲೆಕ್ಕಹಾಕುವ ಎಕ್ಸ್‌ಟಿಬಿ ತಂತ್ರಾಂಶ ನನ್ನನ್ನು ಒಲಿಸಿಕೊಂಡದ್ದು ಜಲಜನಕ ಬಂಧದ ವಿಷಯದಲ್ಲಿ. ಜೈವಿಕ ಅಣುಗಳ ಆಕಾರ ನಿಂತಿರುವುದೇ ಈ ದುರ್ಬಲ ಬಂಧಗಳ ಮೇಲೆ. ಆದರೆ ವೇಗಕ್ಕಾಗಿ ಅಂದಾಜುಗಳನ್ನು ಒಪ್ಪಿಕೊಂಡ ಹಳೆಯ ಕ್ವಾಂಟಂ ವಿಧಾನಗಳು ಎಡವುತ್ತಿದ್ದುದೂ ಇಲ್ಲಿಯೇ. 1977ರ ಎಂಎನ್‌ಡಿಒ ವಿಧಾನಕ್ಕೆ ಜಲಜನಕ ಬಂಧ ಕಾಣುತ್ತಲೇ ಇರಲಿಲ್ಲವೆನ್ನಬಹುದು. 1985ರ ಎಎಂ1 ಅದನ್ನು ಕಂಡಿತಾದರೂ ಎರಡು ನೀರಿನ ಅಣುಗಳನ್ನು ತಪ್ಪು ಭಂಗಿಯಲ್ಲಿ ಜೋಡಿಸುತ್ತಿತ್ತು. ಆಮೇಲೆ ಬಂದ ಪಿಎಂ6ಕ್ಕೆ ಈ ಬಂಧಕ್ಕೆಂದೇ ಪ್ರತ್ಯೇಕ ತಿದ್ದುಪಡಿಗಳನ್ನು ತೇಪೆಯಂತೆ ಹಚ್ಚಬೇಕಾಯಿತು. ಬಾನ್ ವಿಶ್ವವಿದ್ಯಾಲಯದ ಸ್ಟೆಫಾನ್ ಗ್ರಿಮ್ಮೆ ಅವರ ತಂಡ 2019ರಲ್ಲಿ ಪ್ರಕಟಿಸಿದ, ಎಕ್ಸ್‌ಟಿಬಿ ಬಳಸುವ ಜಿಎಫ್‌ಎನ್2 ವಿಧಾನದಲ್ಲಿ ಅಂಥ ತೇಪೆಯಿಲ್ಲ. ಪ್ರತಿ ಪರಮಾಣುವಿನ ವಿದ್ಯುದಂಶದ ಜೊತೆಗೆ ಅದರ ದ್ವಿಧ್ರುವ ಮತ್ತು ಚತುರ್ಧ್ರುವಗಳನ್ನೂ, ಅಂದರೆ ಆ ವಿದ್ಯುದಂಶ ಯಾವ ದಿಕ್ಕಿಗೆ ಹೇಗೆ ಹರಡಿದೆ ಎಂಬುದನ್ನೂ, ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಬಂಧದ ದಿಕ್ಕು ಸಿದ್ಧಾಂತದೊಳಗಿನಿಂದಲೇ ಮೂಡಿಬರುತ್ತದೆ.

ನನ್ನ ಅಣು ನಮ್ಮ ಅಡುಗೆಮನೆಯದು. ಕೊಡಗಿನ ಪಂದಿ ಕರಿಗೆ ಹುಳಿ ಕೊಡುವ, ಹಣ್ಣಿನ ರಸ ಬತ್ತಿಸಿ ಮಾಡುವ ಕಾಚಂಪುಳಿಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಜೀವಕೋಶದಲ್ಲಿ ಸಿಟ್ರೇಟನ್ನು ಒಡೆಯುವ ಎಟಿಪಿ ಸಿಟ್ರೇಟ್ ಲಯೇಸ್ ಕಿಣ್ವವನ್ನು ತಡೆಯುತ್ತದೆ. ಮೂರು ಕಾರ್ಬಾಕ್ಸಿಲ್ ಮತ್ತು ಎರಡು ಹೈಡ್ರಾಕ್ಸಿಲ್ ಗುಂಪುಗಳಿರುವ ಈ ಪುಟ್ಟ ಅಣು ತನ್ನೊಳಗೇ ಹಲವು ರೀತಿಯಲ್ಲಿ ಕೈಕಟ್ಟಿ ಕೂರಬಲ್ಲದು. ರಾತ್ರಿ ಊಟವಾದ ಮೇಲೆ ಕರೆಂಟ್ ಇದ್ದರೆ ಒಂದು ಭಂಗಿಯ ಕಡತ ಕೊಟ್ಟು, ಹೆಜ್ಜೆಹೆಜ್ಜೆಗೂ ಶಕ್ತಿಯ ಅಂಕೆ ಇಳಿಯುವುದನ್ನು ನೋಡುತ್ತ ಬೆಲ್ಲದ ಕರಿ ಕಾಫಿ ಕುಡಿಯುವುದು ನನಗೆ ಅಭ್ಯಾಸವಾಗಿದೆ. ಲೋಟ ಬರಿದಾಗುವ ಮೊದಲೇ ಲೆಕ್ಕ ಮುಗಿದಿರುತ್ತದೆ. ವಿರಾಜಪೇಟೆಯ ಮಳೆಗಾಲದಲ್ಲಿ ಇನ್ವರ್ಟರೂ ಕೈಕೊಟ್ಟಾಗ, ಅಲ್ಲಿಯವರೆಗಿನ ಎಲ್ಲ ರೂಪಗಳೂ ಲಾಗ್ ಕಡತದಲ್ಲಿ ಉಳಿದಿರುವುದರಿಂದ ಕೊನೆಯದರಿಂದ ಮತ್ತೆ ಆರಂಭಿಸಬಹುದು. ತಂತ್ರಾಂಶ ಉಚಿತವೂ ಹೌದು, ಮುಕ್ತವೂ ಹೌದು. ಕಾಲೇಜು ಅಧ್ಯಾಪಕನ ಜೇಬಿಗೆ ಇದು ಸಣ್ಣ ಮಾತಲ್ಲ.

ಕಿಣ್ವದಲ್ಲಿ ಆಮ್ಲ ಕೂರುವ ಕುಳಿಯ ಭಾಗವನ್ನಷ್ಟೇ ಕತ್ತರಿಸಿ ತೆಗೆದು, ಅದರಲ್ಲಿ ನನ್ನ ಅಣುವನ್ನು ಕೂರಿಸಿ ಲೆಕ್ಕ ಹಾಕಿದಾಗ ನನ್ನ ಉತ್ಸಾಹ ತಗ್ಗಿತು. ವಿದ್ಯುದಂಶವುಳ್ಳ ಅಮೈನೋ ಆಮ್ಲಗಳು ನಿರ್ವಾತದಲ್ಲಿ ಎದುರುಬದುರಾದರೆ ಇಲೆಕ್ಟ್ರಾನ್ ಶಕ್ತಿಮಟ್ಟಗಳ ಅಂತರ ಕುಗ್ಗುತ್ತದೆ, ಆವರ್ತಿತ ಲೆಕ್ಕ ಒಂದು ನೆಲೆಗೆ ಬರುವುದೇ ಇಲ್ಲ. ನೀರಿನ ಪರಿಣಾಮವನ್ನು ಸೂಚಿಸುವ ಎಎಲ್‌ಪಿಬಿ ಮಾದರಿಯನ್ನು ಸೇರಿಸಿದರೆ ಬಹುಪಾಲು ಸರಿಹೋಗುತ್ತದೆ.

ಇದಕ್ಕಿಂತ ಕಿರಿಕಿರಿಯ ಸಂಗತಿ ಇನ್ನೊಂದಿದೆ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಬತ್ತಿಸುವಾಗ ಈ ಆಮ್ಲದ ಒಂದು ಪಾಲು ಉಂಗುರ ಕಟ್ಟಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಆ ಮಾರ್ಪಾಡಿನ ಶಕ್ತಿತಡೆಯನ್ನು, ಅಂದರೆ ಅದು ನಡೆಯಲು ದಾಟಬೇಕಾದ ಶಕ್ತಿಯ ದಿಣ್ಣೆಯನ್ನು, ತಿಳಿಯುವುದೇ ನನ್ನ ಮೂಲ ಆಸೆಯಾಗಿತ್ತು. ಆದರೆ ಜಿಎಫ್‌ಎನ್2 ರೂಪುಗೊಂಡಿರುವುದು ಅಣುರಚನೆ, ಕಂಪನಾವೃತ್ತಿ ಮತ್ತು ದುರ್ಬಲ ಬಂಧಗಳಿಗಾಗಿ. ಬಂಧ ಮುರಿದು ಕಟ್ಟುವ ಕಡೆ ಅದು ತಡೆಯನ್ನು ಸಾಮಾನ್ಯವಾಗಿ ತಗ್ಗಿಸಿಯೇ ಹೇಳುತ್ತದೆ. ಭಂಗಿಗಳ ನಡುವಿನ ಒಂದು ಕಿಲೋಕ್ಯಾಲೊರಿಯ ವ್ಯತ್ಯಾಸವನ್ನೂ ನಾನು ನಂಬುವುದಿಲ್ಲ. ದೊಡ್ಡ ಗಣಕಯಂತ್ರ ಕೈಯಲ್ಲಿದ್ದವರು ನೇರವಾಗಿ, ಹೆಚ್ಚು ನಿಖರವಾದರೂ ನಿಧಾನವಾದ ಡೆನ್ಸಿಟಿ ಫಂಕ್ಷನಲ್ ಎಂಬ ಕ್ವಾಂಟಂ ವಿಧಾನಕ್ಕೇ ಹೋಗಬಹುದು. ನಾನು ಭಂಗಿಗಳನ್ನು ಇದರಲ್ಲಿ ಹುಡುಕಿ, ಆಯ್ದ ಕೆಲವನ್ನು ಮಾತ್ರ ಆ ವಿಧಾನದ ಶಕ್ತಿಲೆಕ್ಕಕ್ಕಾಗಿ ಮೈಸೂರಿನ ಸ್ನೇಹಿತರೊಬ್ಬರ ಯಂತ್ರಕ್ಕೆ ಕಳುಹಿಸುತ್ತೇನೆ. ಲ್ಯಾಕ್ಟೋನಿನ ಶಕ್ತಿತಡೆಯನ್ನಂತೂ ಪೂರ್ತಿಯಾಗಿ ಅವರಿಗೇ ಬಿಟ್ಟಿದ್ದೇನೆ.