ವೈರ್‌ಲೆಸ್ ಬ್ರಾಡ್‌ಬ್ಯಾಂಡ್: ದೂರ ಮುಟ್ಟುವ ನೆಟ್‌ವರ್ಕೋ, ವೇಗದ ನೆಟ್‌ವರ್ಕೋ?

ಸಿಮ್ ಹಾಕುವ ರೂಟರ್‌ನಿಂದ ಮನೆಗೆ ಇಂಟರ್ನೆಟ್ ಪಡೆಯುವಾಗ, ಕಂಪನಿಯ ಹೆಸರಿಗಿಂತ ಹತ್ತಿರದ ಟವರ್ ಯಾವ ಬ್ಯಾಂಡ್‌ನಲ್ಲಿ, ಅಂದರೆ ಯಾವ ರೇಡಿಯೊ ಆವರ್ತನದಲ್ಲಿ, ಇದೆ ಎನ್ನುವುದು ಮುಖ್ಯ. ಕವರೇಜ್ ನಕ್ಷೆ ಬಹುತೇಕ ಕಂಪ್ಯೂಟರ್ ಅಂದಾಜು; ನಿಮ್ಮ ಮನೆಯ ದಪ್ಪ ಗೋಡೆ ಅದರಲ್ಲಿ ಕಾಣುವುದಿಲ್ಲ.

700ರಿಂದ 900 ಮೆಗಾಹರ್ಟ್ಸ್‌ನ 4ಜಿ ಹಲವು ಕಿಲೋಮೀಟರ್ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ ಅಲ್ಲಿ ಕಂಪನಿಗಳ ಬಳಿ ಇರುವುದು ಹೆಚ್ಚಾಗಿ 5 ಅಥವಾ 10 ಮೆಗಾಹರ್ಟ್ಸ್ ಅಗಲ ಮಾತ್ರ; ರಸ್ತೆಯಂತೆ, ಅಗಲ ಕಡಿಮೆಯಾದಷ್ಟೂ ವೇಗ ಕಡಿಮೆ. ಒಂದೇ ಟವರನ್ನು ನಾಲ್ಕು ಊರು ಹಂಚಿಕೊಂಡರೆ, ರಾತ್ರಿ ಎಂಟರ ಹೊತ್ತಿಗೆ ಸಿಗ್ನಲ್ ಕಡ್ಡಿಗಳೆಲ್ಲ ಪೂರ್ತಿ ಇದ್ದರೂ ವಿಡಿಯೊ ಸುತ್ತುತ್ತಲೇ ಇರುತ್ತದೆ. 2300 ಅಥವಾ 2500ರಲ್ಲಿ 20 ಮೆಗಾಹರ್ಟ್ಸ್ ಅಗಲ ಸಿಗುವುದುಂಟು, ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಟವರ್ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಯೋಚನೆ ಬೇಡ, ಇದನ್ನೇ ತೆಗೆದುಕೊಳ್ಳಿ. 1800 ಇವೆರಡರ ನಡುವಿನದು.

ರೂಟರ್ ಕೊಳ್ಳುವ ಮುನ್ನ ಬ್ಯಾಂಡ್ ಸಂಖ್ಯೆ ನೋಡಿ: 700ಕ್ಕೆ ಸಾಮಾನ್ಯವಾಗಿ 28, 1800ಕ್ಕೆ 3, 2300ಕ್ಕೆ 40. ನಿಮ್ಮಲ್ಲಿ ಸಿಗುವ ಕಂಪನಿಗಳ ಪ್ರಿಪೇಯ್ಡ್ ಸಿಮ್ ಒಂದೊಂದಾಗಿ ಹಾಕಿ, ಸಂಜೆ ಹೊತ್ತಿನಲ್ಲೇ ವೇಗ ಅಳೆಯಿರಿ. ಬೆಳಗಿನ ಅಳತೆ ನಂಬಬೇಡಿ. ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಹೇಳುವ ಸಂಖ್ಯೆ) -90 ಅಥವಾ ಅದಕ್ಕಿಂತ ಮೇಲೆ, ಅಂದರೆ -80ರ ಕಡೆಗೆ, ಇದ್ದರೆ ಸಾಕು. -110ಕ್ಕಿಂತ ಕೆಳಗಿಳಿದರೆ ಹೊರಗೆ ಆಂಟೆನಾ ಬೇಕು. ಅದರ ಕೇಬಲ್ ಚಿಕ್ಕದಿರಲಿ, ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. ಕರೆಂಟ್ ಪದೇ ಪದೇ ಹೋಗುವ ಕಡೆ, ಹೋದ ಮೇಲೆ ಯಾವ ಟವರ್ ಎಷ್ಟು ಹೊತ್ತು ಉಳಿಯುತ್ತದೆ ಎಂದೂ ನೋಡಿಕೊಳ್ಳಿ.