ಶ್ವಾಸಕೋಶದ ಆಪರೇಷನ್ ಆದ ಮೇಲೆ: ಪ್ಯಾರಾಸಿಟಮಾಲ್ ಸಾಕಾ, ಐಬುಪ್ರೊಫೆನ್ ಬೇಕಾ?

ಆಪರೇಷನ್ ಮುಗಿಸಿ ಚಿಕ್ಕಮಗಳೂರಿನ ಮನೆಗೆ ಬಂದ ನಮ್ಮ ಮಾವ, ಕೆಮ್ಮು ಬಂದಾಗಲೆಲ್ಲ ಎದೆಗೆ ದಿಂಬು ಒತ್ತಿ ಹಿಡಿಯುತ್ತಿದ್ದರು. ಮಾತ್ರೆ ಮಾತ್ರ ಬೇಡ ಅನ್ನೋರು. ನೋವಿಗೆ ಹೆದರಿ ಕೆಮ್ಮದಿದ್ದರೆ ಕಫ ಒಳಗೇ ಕಟ್ಟಿ ನ್ಯುಮೋನಿಯಾ ಆಗಬಹುದು. ಸುಮ್ನೆ ಸಹಿಸಿಕೊಂಡರೆ ನಷ್ಟವೇ.

ಪ್ಯಾರಾಸಿಟಮಾಲ್‌ನಿಂದ ಹೊಟ್ಟೆಗೆ, ಕಿಡ್ನಿಗೆ ತೊಂದರೆ ಕಡಿಮೆ. ಊತ ಮಾತ್ರ ಅಷ್ಟಾಗಿ ಇಳಿಯಲ್ಲ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಎಷ್ಟೋ ಶೀತದ ಮಾತ್ರೆಗಳಲ್ಲೂ ಇದೇ ಇರುತ್ತೆ, ಅದನ್ನೂ ಲೆಕ್ಕ ಹಿಡಿಯಿರಿ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ಊತವನ್ನೂ ಇಳಿಸುತ್ತವೆ. ಪ್ಯಾರಾಸಿಟಮಾಲ್ ಜೊತೆ ಇವು ಸೇರಿದರೆ ಮಾರ್ಫಿನ್ ತರಹದ ಮದ್ದು ಕಡಿಮೆ ಸಾಕಾಗುತ್ತೆ. ಮಂಪರು, ಮಲಬದ್ಧತೆಯೂ ಕಡಿಮೆ. ಆದರೆ ಅಲ್ಸರ್, ಕಿಡ್ನಿ ಅಥವಾ ಹೃದಯದ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಈ ಮಾತ್ರೆಗಳಿಂದ ಉಬ್ಬಸ ಬರುವವರು ತಾವಾಗಿ ಮುಟ್ಟಬಾರದು. ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ನೀರಿನ ಮಾತ್ರೆಯೂ (ಮೂತ್ರ ಹೆಚ್ಚಿಸುವಂಥದ್ದು) ನಡೆಯುತ್ತಿದ್ದರೆ, ಅದರ ಮೇಲೆ ಇವನ್ನೂ ನುಂಗಿದರೆ ಕಿಡ್ನಿಗೆ ಪೆಟ್ಟು ಜಾಸ್ತಿ. ಶ್ವಾಸಕೋಶದ ಪೊರೆ ಅಂಟಿಸುವ ಚಿಕಿತ್ಸೆ ಆಗಿದ್ದರೆ ಕೆಲವು ಸರ್ಜನ್‌ಗಳು ಇವನ್ನು ಬರೆಯುವುದೇ ಇಲ್ಲ.

ನನ್ನ ಕೇಳಿದರೆ, ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಇರಲಿ. ಎರಡನೆಯದು ಡಾಕ್ಟರ್ ಬರೆದರೆ ಮಾತ್ರ, ಊಟದ ಮೇಲೆ, ಅವರು ಹೇಳಿದಷ್ಟೇ ದಿನ. ಎರಡೂ ಸೇರಿದ ಮಾತ್ರೆ ಅಂಗಡಿಯಲ್ಲಿ ಸಿಗುತ್ತೆ, ಸ್ಟ್ರಿಪ್ ಹಿಂದೆ ಓದಿಯೇ ತಗೊಳ್ಳಿ.